"ರಕ್ತದಲ್ಲೇ ಬಂದದ್ದು" ಅಂತೆ!

ಕುಮಟಾ ಬಸ್‌ಸ್ಟ್ಯಾಂಡ್ ಹತ್ತಿರದ ಚಾದಂಗಡಿಯಲ್ಲಿ ಇವತ್ತು ಬೆಳಿಗ್ಗೆ ಕಿವಿಗೆ ಬಿದ್ದ ಮಾತು: "ಎಂತ ಮಾಡೂದು ಮಾರಾಯ, ಅಪ್ಪ ಕುಡ್ದು ಕುಡ್ದೇ ಹೋದ. ಮಗ ಈಗಷ್ಟೇ ಪಿಯುಸಿ, ಶುರು ಹಚ್ಕಂಡಿದ್ದ. ರಕ್ತದಲ್ಲೇ ಬಂದದ್ದು ಅದು." ಎದುರಿಗಿದ್ದವರು ತಲೆಯಾಡಿಸಿದರು. ಬನ್ಸ್ ಮುಗಿಯಿತು, ಕೈ ತೊಳೆದರು, ಹೋದರು. ಆ ಹುಡುಗನ ವಿಷಯದಲ್ಲೂ ಕೈ ತೊಳೆದ ಹಾಗೇ.

ಈ "ರಕ್ತ"ದ ಮಾತು ಕೇಳಿದಾಗೆಲ್ಲ ಮೈ ಉರಿಯುತ್ತದೆ. ಮಾತು ಪೂರ್ತಿ ಸುಳ್ಳಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಅರ್ಧ ನಿಜ, ಅದೇ ತೊಂದರೆ.

ಅವಳಿಗಳ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿದರೆ ಕುಡಿತದ ಚಟದಲ್ಲಿ ಅನುವಂಶೀಯತೆಯ ಪಾಲು ಸುಮಾರು ಶೇ. 50. ಇದನ್ನು ಜನ "ಆ ಹುಡುಗ ಅರ್ಧ ಕುಡುಕನಾಗಿಯೇ ಹುಟ್ಟಿದ್ದಾನೆ" ಅಂತ ಓದುತ್ತಾರೆ. ಅದು ಒಬ್ಬ ಮನುಷ್ಯನ ಲೆಕ್ಕವೇ ಅಲ್ಲ. ಒಂದು ಜನಸಮೂಹದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಕಾಣುವ ವ್ಯತ್ಯಾಸದಲ್ಲಿ ಜೀನುಗಳ ಪಾಲೆಷ್ಟು ಅನ್ನುವ ಲೆಕ್ಕ. ಸುತ್ತಲಿನ ಪರಿಸ್ಥಿತಿ ಬದಲಾದರೆ ಆ ಶೇ. 50 ಕೂಡ ಬದಲಾಗುತ್ತದೆ.

ನಮ್ಮ ಅಘನಾಶಿನಿ ಹೊಳೆಯ ಗಜನಿಯ (ಉಪ್ಪುನೀರು ಬರುವ ತಗ್ಗು ಗದ್ದೆಯ) ಕಗ್ಗವನ್ನೇ ನೋಡಿ, ಉಪ್ಪು ತಾಳುವ ಭತ್ತದ ತಳಿ ಅದು. ಸಿಹಿನೀರಿನ ಗದ್ದೆಯಲ್ಲಿ ಕಗ್ಗವೂ ನಿಲ್ಲುತ್ತದೆ, ಬೇರೆ ತಳಿಯೂ ನಿಲ್ಲುತ್ತದೆ. ಕಟ್ಟು ಒಡೆದು ಉಪ್ಪುನೀರು ನುಗ್ಗಿದಾಗ ಮಾತ್ರ ಯಾವುದರ ತಳಿಗುಣ ಏನು ಅಂತ ತಿಳಿಯುವುದು. ಬೀಜದಲ್ಲಿ ವ್ಯತ್ಯಾಸ ಮೊದಲಿನಿಂದಲೂ ಇತ್ತು. ಅದನ್ನು ಹೊರಗೆ ಹಾಕಿದ್ದು ಉಪ್ಪು.

ಹುಡುಗರ ವಿಷಯದಲ್ಲಿ ಉಪ್ಪು ಯಾವಾಗ ನುಗ್ಗುತ್ತದೆ? ವರ್ಜೀನಿಯಾ ಮತ್ತು ಫಿನ್‌ಲ್ಯಾಂಡಿನ ಅವಳಿಗಳ ಅಧ್ಯಯನಗಳು ಇಲ್ಲಿ ಒಂದೇ ಮಾತು ಹೇಳುತ್ತವೆ. ಹದಿಮೂರು ಹದಿನಾಲ್ಕರಲ್ಲಿ ಮೊದಲ ಗುಟುಕು ಕುಡಿಯುತ್ತಾನೋ ಇಲ್ಲವೋ ಅನ್ನುವುದರಲ್ಲಿ ಜೀನುಗಳ ಪಾಲು ತೀರಾ ಸಣ್ಣದು. ಅಲ್ಲಿ ನಡೆಯುವುದು ಮನೆ, ಕೇರಿ, ಜೊತೆಗಾರರ ಆಟ. ವಯಸ್ಸು ಇಪ್ಪತ್ತು ದಾಟುತ್ತ ಹೋದಂತೆ ಜೀನಿನ ಪಾಲು ಏರುತ್ತದೆ, ಮನೆಯ ಪಾಲು ಇಳಿಯುತ್ತದೆ. ಕಾರಣ ಸರಳ: ಎಸ್‌ಎಸ್‌ಎಲ್‌ಸಿ ಮುಗಿಸಿ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಿ ರೂಮು ಮಾಡಿಕೊಂಡ ಮೇಲೆ ತಡೆಯುವವರಿಲ್ಲ, ಒಳಗಿದ್ದದ್ದು ಹೊರಗೆ ಬರುತ್ತದೆ. ಅಂದರೆ ಜೀನಿನ ಕೈ ಇನ್ನೂ ಬಲಿಯದ ವಯಸ್ಸಿನಲ್ಲೇ ನಾವು "ರಕ್ತ" ಅಂತ ಕೈ ಚೆಲ್ಲಿ ಕೂತಿರುತ್ತೇವೆ.

ಈ ಕಡೆಯಿಂದ ಒಂದು ಸವಾಲು ಬರುತ್ತದೆ, ಬರಲಿ. "ಹಾಗಾದ್ರೆ ಕುಡುಕನ ಮಗನನ್ನ ಬೇರೆ ಮನೆಯಲ್ಲಿ ಸಾಕಿದ್ರೂ ಕುಡೀತಾನಲ್ಲ?" 1973ರಲ್ಲಿ ಡೆನ್ಮಾರ್ಕಿನಲ್ಲಿ ಇದನ್ನೇ ನೋಡಿದರು. ಹುಟ್ಟಿದ ಆರು ವಾರದೊಳಗೆ ಬೇರೆ ಮನೆಗೆ ದತ್ತು ಹೋದ ಕುಡುಕರ ಗಂಡುಮಕ್ಕಳು 55 ಜನ. ಮೂವತ್ತರ ಆಸುಪಾಸಿಗೆ ಬರುವಾಗ ಅವರಲ್ಲಿ ಶೇ. 18 ಮಂದಿಗೆ ಕುಡಿತದ ರೋಗ, ಬೇರೆ ದತ್ತುಮಕ್ಕಳಲ್ಲಿ ಶೇ. 5. ಹೌದು, ಮೂರೂವರೆ ಪಟ್ಟು. ಆದರೆ ಮಿಕ್ಕ ಶೇ. 82 ಏನಾದರು ಅಂತ ಚಾದಂಗಡಿಯಲ್ಲಿ ಯಾರೂ ಕೇಳುವುದಿಲ್ಲ, ಚಟ ಹತ್ತದವನ ಸುದ್ದಿಗೆ ರುಚಿ ಇಲ್ಲ.

ಇನ್ನು "ಕುಡುಕ ಜೀನು" ಅಂತ ಒಂದು ಇದೆ, ಟೆಸ್ಟ್ ಮಾಡಿಸಿದರೆ ಗೊತ್ತಾಗುತ್ತದೆ ಅನ್ನುವವರು. ಸುಮಾರು 12 ಲಕ್ಷ ಜನರ ಡಿಎನ್‌ಎ ಇಟ್ಟುಕೊಂಡು 2019ರಲ್ಲಿ ಬಂದ ಅಧ್ಯಯನ ಬೀಡಿ-ಸಿಗರೇಟು, ಮದ್ಯ ಎರಡಕ್ಕೂ ಸೇರಿ ನೂರಾರು ಜಾಗ ಗುರುತಿಸಿತು. ಒಂದೊಂದರ ಪ್ರಭಾವ ಸಾಸಿವೆಯಷ್ಟು. ಅದೂ ಹೆಚ್ಚಿನಂಶ ಯುರೋಪಿನ ಮೂಲದವರ ಲೆಕ್ಕ, ನಮ್ಮ ಹುಡುಗರಿಗೆ ಹಾಗೇ ಹೊಂದುವುದಿಲ್ಲ. ಒಂಟಿಯಾಗಿ ಜೋರು ಕೆಲಸ ಮಾಡುವ ಜೀನು ಅಂದರೆ ಎಎಲ್‌ಡಿಎಚ್2, ಕುಡಿದದ್ದರಿಂದ ಮೈಯಲ್ಲಿ ಹುಟ್ಟುವ ವಿಷವನ್ನು ಕರಗಿಸುವ ಕಿಣ್ವದ ಜೀನು. ಚೀನಾ, ಜಪಾನ್, ಕೊರಿಯಾದ ಬಹಳ ಮಂದಿಯಲ್ಲಿ ಇದರ ಮೊಂಡಾದ ರೂಪ ಇರುತ್ತದೆ. ಒಂದು ಪೆಗ್ಗಿಗೇ ಮುಖ ಕೆಂಪಾಗಿ, ಎದೆ ಬಡಿದುಕೊಂಡು, ಹೊಟ್ಟೆ ತೊಳಸುತ್ತದೆ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ತಡೆಯುವುದೂ ಇದೇ ಕಿಣ್ವವನ್ನು. ಈ ಮೊಂಡು ರೂಪ ಮಾಡುವುದು ಕುಡಿತದಿಂದ ಕಾಯುವ ಕೆಲಸ! ನಮ್ಮ ಕಡೆ ಅಪರೂಪ, ಬಿಡಿ.

ಇದಕ್ಕಿಂತ ಉಪಯೋಗಕ್ಕೆ ಬರುವ ಗುರುತು ಬೇರೆ ಇದೆ, ಅದಕ್ಕೆ ಲ್ಯಾಬು ಬೇಡ. "ನಂಗೆ ಎಷ್ಟು ಹಾಕಿದ್ರೂ ಏರೂದೇ ಇಲ್ಲ" ಅಂತ ಎದೆ ಸೆಟೆಸುವ ಹುಡುಗ ಇರುತ್ತಾನಲ್ಲ, ಅವನು. ಕುಡುಕರ ಮಕ್ಕಳಲ್ಲಿ ಇಂಥವರು ಹೆಚ್ಚು. ಇಪ್ಪತ್ತರ ವಯಸ್ಸಿನಲ್ಲಿ ಕಡಿಮೆ ಏರುವವರಿಗೇ ಹತ್ತು ವರ್ಷ ಕಳೆದ ಮೇಲೆ ಚಟ ಹಿಡಿಯುವ ಸಾಧ್ಯತೆ ಹೆಚ್ಚು ಅಂತ ಅಮೆರಿಕದ ಮನೋವೈದ್ಯ ಮಾರ್ಕ್ ಶುಕಿಟ್ 1994ರಲ್ಲೇ ತೋರಿಸಿದರು. ಮೈ "ಸಾಕು" ಅನ್ನುವುದಿಲ್ಲ, ಹುಡುಗ ಇನ್ನೊಂದು ಹಾಕುತ್ತಾನೆ, ಅಷ್ಟೇ ಲೆಕ್ಕ. ನಾವು ಅವನಿಗೆ "ಗಟ್ಟಿ ಆಳು" ಅಂತ ಬಿರುದು ಕೊಡುತ್ತೇವೆ.

ಲೆಕ್ಕ ಅಂದದ್ದಕ್ಕೆ: 90 ಎಂಎಲ್ ವಿಸ್ಕಿ, ಶೇ. 42.8ರದ್ದು, ಸುಮಾರು 30 ಗ್ರಾಂ ಶುದ್ಧ ಆಲ್ಕೋಹಾಲ್. 650 ಎಂಎಲ್‌ನ ಒಂದು ಸ್ಟ್ರಾಂಗ್ ಬಿಯರ್, ಶೇ. 8ರದ್ದು, ಸುಮಾರು 41 ಗ್ರಾಂ. "ಬರೇ ಬಿಯರ್ ಅಲ್ದಾ" ಅನ್ನುವ ದೊಡ್ಡವರು ಇದನ್ನು ಎರಡು ಸಲ ಓದಿ.

ಜೊತೆಗಾರರ ವಿಷಯಕ್ಕೂ ಲೆಕ್ಕ ಇದೆ. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟಾಗ ಹದಿಹರೆಯದವರು ಒಬ್ಬರೇ ಇದ್ದದ್ದಕ್ಕಿಂತ ಗೆಳೆಯರು ನೋಡುತ್ತಿದ್ದಾಗ ಬಹಳ ಹೆಚ್ಚು ಅಪಾಯಕ್ಕೆ ಕೈ ಹಾಕಿದರು, ದೊಡ್ಡವರಲ್ಲಿ ಆ ಬದಲಾವಣೆ ಕಾಣಲಿಲ್ಲ. ಅದು 2005ರ ಪ್ರಯೋಗ. ಮುಂದಲೆಯ ಮೆದುಳು ಬಲಿಯಲು ಇಪ್ಪತ್ತೈದರ ಹತ್ತಿರ ಬರಬೇಕು, ಖುಷಿ ಹುಡುಕುವ ಭಾಗಕ್ಕೆ ಅಷ್ಟು ತಾಳ್ಮೆ ಇಲ್ಲ. ಬೈಕಿನಲ್ಲಿ ಮೂರು ಜನ ಕೂತದ್ದು ಕಂಡರೆ ಓಡಿಸುವವನ ಜಾತಕಕ್ಕಿಂತ ಹಿಂದಿನ ಇಬ್ಬರನ್ನು ನೋಡಿ.

ಜೀನು ಬದಲಾಗದೆ ಊರು ಬದಲಾಗಬಹುದಾ? ಐಸ್‌ಲ್ಯಾಂಡಿನಲ್ಲಿ 1998ರಲ್ಲಿ 15-16ರ ಮಕ್ಕಳಲ್ಲಿ ಶೇ. 42 ಮಂದಿ ಹಿಂದಿನ ತಿಂಗಳು ಅಮಲೇರುವಷ್ಟು ಕುಡಿದಿದ್ದರು. 2016ಕ್ಕೆ ಶೇ. 5. ಹದಿನೆಂಟು ವರ್ಷದಲ್ಲಿ ಯಾರ ರಕ್ತವೂ ಬದಲಾಗಲಿಲ್ಲ. ಸಂಜೆಯ ಹೊತ್ತಿಗೆ ಆಟ-ಸಂಗೀತಕ್ಕೆ ಸರ್ಕಾರ ದುಡ್ಡು ಹಾಕಿತು, ರಾತ್ರಿ ಹೊರಗೆ ತಿರುಗುವುದಕ್ಕೆ ಹೊತ್ತು ಗೊತ್ತುಮಾಡಿತು, ಅಪ್ಪ-ಅಮ್ಮಂದಿರು ಒಟ್ಟಾಗಿ ಒಪ್ಪಂದ ಮಾಡಿಕೊಂಡರು.

ಮನೆಯಲ್ಲಿ ಕುಡಿತದ ಚರಿತ್ರೆ ಇದೆಯಾ? ಸಕ್ಕರೆ ಕಾಯಿಲೆ ಕೇಳುವ ಹಾಗೆ ಅಪ್ಪನ ಕಡೆ, ಅಮ್ಮನ ಕಡೆ ಎರಡೂ ಕೇಳಿ, ಯಾರಿಗೆ ಎಷ್ಟನೇ ವಯಸ್ಸಿಗೆ ಶುರುವಾಯಿತು ಅಂತ ಸಮೇತ. ಹನ್ನೆರಡು ಹದಿಮೂರರಲ್ಲಿ ಮಗುವಿಗೆ ನೇರವಾಗಿ ಹೇಳಿ, ನಾಚಿಕೆಯ ಸಂಗತಿ ಮಾಡಬೇಡಿ. ಸಂಜೆ ಆರರಿಂದ ಒಂಬತ್ತರವರೆಗೆ ಎಲ್ಲಿ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್ಸು ಅನ್ನುವುದು ಗೊತ್ತಿರಲಿ. ಇದು ಕೆಡುವುದು ಹೇಗೆ ಅಂದರೆ, ಬಾಯಿ ಮೂಸುವುದು, ಫೋನು ಕಸಿಯುವುದು ಶುರುವಾದಾಗ. ಮಕ್ಕಳ ಸುದ್ದಿ ತಂದೆತಾಯಿಗೆ ಹೆಚ್ಚಾಗಿ ತಿಳಿಯುವುದು ಮಕ್ಕಳು ತಾವಾಗಿ ಹೇಳಿದಾಗ. ಬಾಯಿ ಮೂಸಿದ ಮಾರನೇ ದಿನದಿಂದ ಅವರು ಹೇಳುವುದಿಲ್ಲ.

ಮತ್ತೆ "ಮನೆಯಲ್ಲೇ ಸ್ವಲ್ಪ ರುಚಿ ತೋರಿಸಿದ್ರೆ ಹೊರಗೆ ಹೋಗೂದಿಲ್ಲ" ಅನ್ನುವ ಜಾಣರು. ಆಸ್ಟ್ರೇಲಿಯಾದಲ್ಲಿ 1,900ಕ್ಕೂ ಹೆಚ್ಚು ಮಕ್ಕಳನ್ನು ಆರು ವರ್ಷ ನೋಡಿದರು, ಮನೆಯವರು ಕೊಟ್ಟದ್ದರಿಂದ ಯಾವ ರಕ್ಷಣೆಯೂ ಸಿಗಲಿಲ್ಲ, ಹಾನಿಯೇ ಹೆಚ್ಚಿತು. ಬಾಲನ್ಯಾಯ ಕಾಯ್ದೆ 2015ರ 77ನೇ ಕಲಮಿನ ಪ್ರಕಾರ 18 ತುಂಬದವರಿಗೆ ಮದ್ಯ ಕೊಟ್ಟರೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ. ಮಾಜಾಳಿ ಗಡಿ ದಾಟಿಸಿ ಗೋವಾ ಬಾಟಲಿ ತರಲು ಹುಡುಗರನ್ನು ಕಳಿಸುವವರಿಗೆ 78ನೇ ಕಲಮು, ಶಿಕ್ಷೆ 77ರದ್ದರಷ್ಟೇ.

ಬಂಡಿಹಬ್ಬದ ರಾತ್ರಿ, ಮದುವೆ ಮನೆಯ ಹಿತ್ತಲಲ್ಲಿ, "ಗಂಡಸಲ್ವನಾ, ಒಂದು ಗುಟುಕು" ಅಂತ ಪ್ಲಾಸ್ಟಿಕ್ ಲೋಟ ಚಾಚುವ ಮಾವ ಯಾರ ಮನೆಯಲ್ಲಿಲ್ಲ ಹೇಳಿ. ಐದು ವರ್ಷ ಬಿಟ್ಟು ಚಾದಂಗಡಿಯಲ್ಲಿ ಕೂತು "ರಕ್ತದಲ್ಲೇ ಬಂದದ್ದು" ಅನ್ನುವವರೂ ಅವರೇ.