ಭಾವ ಹಳೆಯದು, ಭಾವ ಹೊಸದು

ಶಿರಸಿಯಿಂದ ಭಾವ ಬಸ್ಸಿಗೆ ಹಾಕಿ ಕಳುಹಿಸಿದ ಹಲಸಿನ ಹಣ್ಣುಗಳಲ್ಲಿ ಇದು ನಾಲ್ಕನೆಯದು. ಬೆಂಗಳೂರಿನ ಮನೆಯಲ್ಲಿ ಇರುವವರು ನಾವಿಬ್ಬರೇ. ಇನ್ನು ಸಾಕು ಎಂದು ಫೋನಿನಲ್ಲಿ ಹೇಳೋಣವೆಂದರೆ, ಭಾವನ ದನಿ ಕೇಳಿದೊಡನೆ ನನ್ನ ಬಾಯಿ ತಾನಾಗಿ ‘ಆಹಾ, ಜೇನು!’ ಎಂದುಬಿಡುತ್ತದೆ. ಇಂಥ ದಾಕ್ಷಿಣ್ಯಕ್ಕೆ ಎಸ್ಸೆಮ್ಮೆಸ್ಸೇ ಮದ್ದು. ಭಾವನದು ಗುಂಡಿ ಒತ್ತುವ ಮೊಬೈಲ್. ವಾಟ್ಸಾಪ್ ಅದರ ಜಾತಕದಲ್ಲೇ ಇಲ್ಲ.

ಆಗ ನನ್ನ ಎರಡೂ ಕೈಗೆ ಹಲಸಿನ ಮೇಣ, ಅದರ ಮೇಲೆ ಕೊಬ್ಬರಿ ಎಣ್ಣೆ. ‘ನಿಮ್ಮ ಭಾವ, ನಿಮ್ಮ ಹಲಸು’ ಎಂದು ಹೆಂಡತಿ ಬರೆದುಕೊಡಲು ಒಪ್ಪಲಿಲ್ಲ. ಸರಿ, ಮೊಬೈಲಿನೊಳಗಿನ ಸಹಾಯಕಿಯನ್ನು ಕರೆದೆ. ಮೊದಲು ಬೀಗ ತೆರೆಯಿರಿ ಎಂದಳು. ಎಣ್ಣೆ ಮೆತ್ತಿದ ಬೆರಳು ನನ್ನದೆಂದು ಮೊಬೈಲ್ ನಂಬಲಿಲ್ಲ. ಮೂಗಿನ ತುದಿಯಿಂದ ನಾಲ್ಕು ಅಂಕಿ ಒತ್ತಿದೆ. ಮೂರನೆಯ ಸಲಕ್ಕೆ ತೆರೆಯಿತು. ‘ಯಾವ ಭಾವ? ಭಾವ ಹಳೆಯದು, ಭಾವ ಹೊಸದು’ ಎಂದು ಕೇಳಿದಳು. ನಂಬರ್ ಬದಲಾದಾಗ ನಾನೇ ಹಾಗೆ ಬರೆದಿಟ್ಟದ್ದು. ‘ಭಾವ ಹೊಸದು!’ ಎಂದು ಕೂಗಿದ್ದಕ್ಕೆ ಹೆಂಡತಿ ಗಾಬರಿಯಿಂದ ಇಣುಕಿ ನೋಡಿದಳು.

ಹೇಳಿದ್ದನ್ನೆಲ್ಲ ಸಹಾಯಕಿ ಅಚ್ಚುಕಟ್ಟಾಗಿ ಓದಿ ಒಪ್ಪಿಸಿದಳು. ಕಳುಹಿಸಲೇ ಎಂದಳು. ಹೂಂ ಎಂದೆ. ‘ಕ್ಷಮಿಸಿ, ಏನೋ ತೊಂದರೆಯಾಗಿದೆ.’ ಐದು ಸಲ ಹೇಳಿದೆ, ಐದು ಸಲವೂ ಕ್ಷಮೆ ಕೇಳಿದಳು. ಮೈಸೂರಿನ ಹಾಸ್ಟೆಲಿನಲ್ಲಿರುವ ಮಗಳಿಗೆ ಕರೆ ಮಾಡು ಎಂದಾಗ ಮಾತ್ರ ತಕ್ಷಣ ಮಾಡಿದಳು.

‘ಅಪ್ಪಾ, ಮೊದಲು ಕೈ ತೊಳೆದುಕೊಳ್ಳಿ’ ಎಂದಳು ಮಗಳು. ತೊಳೆದೆ. ಕೈ ಸ್ವಚ್ಛವಾದ ಮೇಲೆ ನಾನೇ ಬರೆದು ಕಳುಹಿಸಬಹುದಿತ್ತು, ನಿಜ. ಆದರೆ ವಿಷಯ ಆಗಲೇ ಹಲಸನ್ನು ದಾಟಿ ಮಾನದ ಪ್ರಶ್ನೆಯಾಗಿತ್ತು. ಸೆಟ್ಟಿಂಗ್ಸಿಗೆ ಹೋಗಿ ನೋಡಿದರೆ ಎಸ್ಸೆಮ್ಮೆಸ್ ಕಳುಹಿಸಲು ಸಹಾಯಕಿಗೆ ನಾನು ಅನುಮತಿಯನ್ನೇ ಕೊಟ್ಟಿರಲಿಲ್ಲ. ಕೊಟ್ಟೆ. ಆದರೂ ಹೋಗಲಿಲ್ಲ. ಇರುವ ಎರಡು ಸಿಮ್‌ಗಳಲ್ಲಿ ಯಾವುದರಿಂದ ಕಳುಹಿಸಬೇಕು ಎಂಬಲ್ಲಿ ‘ಪ್ರತಿ ಸಲವೂ ಕೇಳು’ ಎಂದಿತ್ತು. ಪಾಪ, ಅವಳು ಪರದೆಯ ಮೇಲೆ ಕೇಳುತ್ತಲೇ ಇದ್ದಳು. ನಾನು ಪರದೆ ನೋಡದೆ ಬೈಯುತ್ತಲೇ ಇದ್ದೆ.

ಒಂದು ಸಿಮ್ ಆರಿಸಿ ಮತ್ತೆ ಹೇಳಿದೆ. ಹೋಯಿತು! ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿದರೆ ಕನ್ನಡಕ್ಕೆ 70 ಮಾತ್ರ, ಅದರಲ್ಲೂ ಕೊಂಬು, ದೀರ್ಘ, ಒತ್ತುಗಳಿಗೆಲ್ಲ ಬೇರೆ ಲೆಕ್ಕ. ನನ್ನ ಸಂಕೋಚದ ಪೀಠಿಕೆಯೂ ಸೇರಿ ಅದು ಮೂರು ತುಂಡಾಗಿ ಹೋಯಿತೆಂದು ಮಗಳು ಲೆಕ್ಕ ಹಾಕಿ ಹೇಳಿದಳು.

ಸಂಜೆ ಭಾವನ ಫೋನ್. ‘ಅದೇನೋ ಮಾರಾಯ, ಸಾಲು ಸಾಲಾಗಿ ಬರೀ ಚೌಕ ಕಳುಹಿಸಿದ್ದೀಯಲ್ಲ! ನನ್ನ ಮೊಬೈಲಿಗೆ ಕನ್ನಡ ಓದಲು ಬರುವುದಿಲ್ಲ. ಅಷ್ಟುದ್ದ ಬರೆದಿದ್ದೀಯೆಂದರೆ ಹಣ್ಣು ಚೆನ್ನಾಗಿತ್ತು ಅಂತ ಗೊತ್ತಾಯಿತು ಬಿಡು. ಇನ್ನೆರಡು ಬಸ್ಸಿಗೆ ಹಾಕಿದ್ದೇನೆ, ಬೆಳಿಗ್ಗೆ ಇಳಿಸಿಕೋ.’

‘ಆಹಾ, ಜೇನು ಭಾವ!’ ಎಂದೆ.