ಮಣಿ ಒಡೆದಾಗ "ಯಾರು ಬಂದಿದ್ರು" ಅಂತ ಕೇಳೋದು ನಿಲ್ಲಿಸಿ

ಭಾನುವಾರದಿಂದ ಸಿಟ್ಟು ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಆದರೂ ಓದಿ.

ನಮ್ಮ ಓಣಿಯ ಒಂದು ಮನೆಯಲ್ಲಿ ಅವತ್ತು ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಇತ್ತು. ಹೆಸರಿಟ್ಟರು, ಹೋಳಿಗೆ ಊಟ ಆಯಿತು. ಸಂಜೆ ನಾಲ್ಕರ ಹೊತ್ತಿಗೆ ನಾವು ಹೆಂಗಸರು ತೊಟ್ಟಿಲ ಸುತ್ತ ಕೂತು ಮಾತಾಡುತ್ತಿದ್ದೆವು. ತೊಟ್ಟಿಲಿನ ಮೇಲಿನ ಕೊಂಡಿಗೆ ಒಂದು ನೀಲಿ ಗಾಜಿನ ಕಣ್ಣು ಕಟ್ಟಿದ್ದರು. ಅಂಗೈ ಅಗಲ ಇತ್ತು. ಹೈದರಾಬಾದಿನ ಬೀಗರು ತಂದದ್ದಂತೆ. ಈಗ ಎಲ್ಲರ ಮನೆ ಬಾಗಿಲಲ್ಲೂ, ಕಾರಿನ ಕನ್ನಡಿಯಲ್ಲೂ ನೇತಾಡುತ್ತಲ್ಲ, ಅದೇ. ಇದ್ದಕ್ಕಿದ್ದ ಹಾಗೆ ಫಟ್ ಅಂತ ಕೆಳಗೆ ಬಿತ್ತು. ಫರಸಿ ಮೇಲೆ ಬಿದ್ದ ಗಾಜು ಉಳಿಯುತ್ತಾ? ಚೂರು ಚೂರಾಯಿತು.

ಕೂಸಿಗೆ ಏನೂ ಆಗಲಿಲ್ಲ. ನಿದ್ದೆಯಿಂದ ಏಳಲೂ ಇಲ್ಲ.

ಒಂದು ನಿಮಿಷದಲ್ಲಿ ಶುರುವಾಯಿತು. "ಯಾರ್ದೋ ಕಣ್ಣು ಬಿದ್ದೈತಿ." "ಸಣ್ಣ ನೆದರಲ್ಲ ಬಿಡ್ರಿ ಅದು." "ಈಗ ಯಾರ್ಯಾರು ಬಂದಿದ್ರು, ನೆನಪ ಮಾಡ್ಕೋರಿ." ಬಂದವರ ಲೆಕ್ಕ ಹಾಕಿದರು. ತೊಟ್ಟಿಲು ತೂಗಿದವರ ಲೆಕ್ಕ ಹಾಕಿದರು. ಯಾರೂ ಯಾರ ಹೆಸರೂ ಹೇಳಲಿಲ್ಲ. ಆದರೆ ಒಬ್ಬೊಬ್ಬರೇ ಒಂದೇ ಕಡೆ ನೋಡತೊಡಗಿದರು. ನಮ್ಮ ಚಿಗವ್ವನ ಕಡೆ.

ಆಗ ಚಿಗವ್ವ ಏನು ಮಾಡುತ್ತಿದ್ದಳು ಗೊತ್ತಾ? ಗಾಜು ಒಡೆದ ಕೂಡಲೇ ಅಡುಗೆಮನೆಗೆ ಹೋಗಿ ಒಂದು ಹಿಡಿ ಜೋಳದ ಹಿಟ್ಟು ಕಲಸಿಕೊಂಡು ಬಂದಿದ್ದಳು. ಮೊಣಕಾಲೂರಿ ಕೂತು ಆ ಉಂಡೆಯನ್ನು ಫರಸಿಗೆ ಒತ್ತಿ ಒತ್ತಿ ಎತ್ತುತ್ತಿದ್ದಳು. ಕಸಬರಿಗೆಗೆ ಸಿಗದ ಸೂಜಿಯಂಥ ಚೂರುಗಳು ಹಸಿ ಹಿಟ್ಟಿಗೆ ಅಂಟಿಕೊಂಡು ಬರುತ್ತವೆ. ಫರಸಿಯ ಸಂದಿಯಲ್ಲಿ ಬೆರಳಿನಿಂದ ಹಿಟ್ಟು ತುಂಬಿ, ಮತ್ತೆ ಕಿತ್ತು ತೆಗೆದಳು. ಉಂಡೆ ಬೆಳಕಿಗೆ ಹಿಡಿದಾಗ ನೀಲಿ ನೀಲಿ ಮಿಂಚುತ್ತಿತ್ತು. ಅದೇ ಕೋಣೆಯಲ್ಲಿ ಅಂಬೆಗಾಲಿಡುವ ಇನ್ನೆರಡು ಮಕ್ಕಳಿದ್ದವು. ಅಷ್ಟು ಜನ ಹೆಂಗಸರಲ್ಲಿ ಕೆಳಗೆ ಬಿದ್ದ ಗಾಜಿನ ಚಿಂತೆ ಮಾಡಿದವಳು ಅವಳೊಬ್ಬಳೇ.

ಕೂಸಿನ ಅಜ್ಜಿ ಬಂದು ತೊಟ್ಟಿಲಿಗೆ ಅಡ್ಡ ನಿಂತರು. "ಸಾಕು ಬಿಡು ಯಕ್ಕಾ. ನೀ ಇನ್ನ ಮನೀಗೆ ಹೋಗು" ಅಂದರು. ಮೆತ್ತಗೇ ಅಂದರು. ಚಿಗವ್ವ ಉಂಡೆಯನ್ನು ಪೇಪರಿನಲ್ಲಿ ಸುತ್ತಿ, ಕೈ ತೊಳೆದುಕೊಂಡು, ಎದ್ದು ಬಂದಳು.

ನನ್ನನ್ನು ಬಲ್ಲವರಿಗೆಲ್ಲ ಚಿಗವ್ವ ಗೊತ್ತು. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು. ಅವಳಿಗೆ ಮಕ್ಕಳಾಗಲಿಲ್ಲ. ಕಾಕಾ ತೀರಿಕೊಂಡು ಹನ್ನೊಂದು ವರ್ಷ ಆಯಿತು. ಇವೆರಡೇ ಅವಳ ತಪ್ಪು. ಅಷ್ಟು ಜನ ನೋಡಿದ್ದು ಅವಳ ಕಣ್ಣನ್ನಲ್ಲ. ಖಾಲಿ ಹಣೆಯನ್ನು ನೋಡಿದರು, ಖಾಲಿ ಮಡಿಲನ್ನು ನೋಡಿದರು.

ಇನ್ನೊಂದು ಮಾತು ಹೇಳಲೇಬೇಕು. ಮೂವತ್ತು ವರ್ಷಗಳಿಂದ ನಮ್ಮ ಓಣಿಯ ಕೂಸುಗಳಿಗೆ ನೆದರು ತೆಗೆಯುತ್ತಿರುವವಳು ಇದೇ ಚಿಗವ್ವ. ಸಂಜೆ ಕೂಸು ಹಟ ಹಿಡಿದು ಅತ್ತರೆ, ಹಾಲು ಕುಡಿಯದಿದ್ದರೆ, ಅವಳ ಮನೆಗೇ ಎತ್ತಿಕೊಂಡು ಬರುತ್ತಾರೆ. ಮುಷ್ಟಿಯಲ್ಲಿ ಕಲ್ಲುಪ್ಪು, ಒಣಮೆಣಸಿನಕಾಯಿ ಹಿಡಿದು ಮೂರು ಸುತ್ತು ಇಳಿಸುತ್ತಾಳೆ. ಬಾಯಲ್ಲಿ ಮೆಲ್ಲಗೆ ಹೇಳುತ್ತಿರುತ್ತಾಳೆ: "ಹೋದವರ ಕಣ್ಣು, ಬಂದವರ ಕಣ್ಣು, ನಾಯಿ ಕಣ್ಣು, ನರಿ ಕಣ್ಣು, ಹಡದವ್ವನ ಕಣ್ಣು, ನನ್ನ ಕಣ್ಣು." ಆಮೇಲೆ ಒಲೆಗೆ ಹಾಕುತ್ತಾಳೆ. ಉಪ್ಪು ಚಟಚಟ ಅಂದರೆ "ನೋಡು, ಎಷ್ಟ ನೆದರಾಗಿತ್ತು" ಅಂತ ಎಲ್ಲರಿಗೂ ಸಮಾಧಾನ. ಉಪ್ಪಿನ ಹರಳಿನೊಳಗೆ ಸಿಕ್ಕಿಕೊಂಡ ನೀರು ಕಾದು ಹೊರಗೆ ಸಿಡಿಯುವುದರಿಂದ ಆ ಸದ್ದು ಬರುತ್ತೆ ಅಂತ ನಾನು ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತೇನೆ. ಮನೆಗೆ ಬಂದು ಚಿಗವ್ವನ ಮುಂದೆ ನನ್ನ ಮಗಳನ್ನೂ ಕೂರಿಸಿದ್ದೇನೆ. ಎರಡೂ ನಿಜ.

ಆ ಮಾತುಗಳನ್ನು ಇನ್ನೊಂದು ಸಲ ಕೇಳಿ. ಹೋದವರು, ಬಂದವರು, ನಾಯಿ, ನರಿ. ಹಡೆದ ತಾಯಿಯೂ ಇದ್ದಾಳೆ. ನೆದರು ತೆಗೆಯುವವಳು ತನ್ನ ಕಣ್ಣನ್ನೂ ಬಿಟ್ಟಿಲ್ಲ. ನಮ್ಮ ಹಿಂದಿನ ಹೆಂಗಸರು ಎಷ್ಟು ಜಾಣರು ನೋಡಿ. ಎಲ್ಲರ ಹೆಸರೂ ಸೇರಿಸಿಬಿಟ್ಟರು. ಎಲ್ಲರ ಕಣ್ಣೂ ಇದ್ದ ಮೇಲೆ ಒಬ್ಬರ ಮೇಲೆ ಬೆರಳು ತೋರಿಸೋದು ಹೇಗೆ? ಉಪ್ಪು ಒಲೆಗೆ ಬಿತ್ತು, ಕೂಸು ಮಲಗಿತು, ಬಂದವರು ಚಹಾ ಕುಡಿದು ಹೋದರು. ಅಷ್ಟೇ ಇತ್ತು. ಯಾರು ಬಂದಿದ್ದರು ಅಂತ ಪಟ್ಟಿ ಮಾಡುವ ಪದ್ಧತಿ ಅದರಲ್ಲಿ ಇರಲೇ ಇಲ್ಲ.

ಈ ನೀಲಿ ಗಾಜಿನ ಕಣ್ಣಿನ ಊರಲ್ಲಾದರೂ ಇದೆಯಾ ಅಂದರೆ, ಅಲ್ಲೂ ಅದರ ಅರ್ಥ ಬೇರೆಯೇ. ಇದು ಟರ್ಕಿ, ಗ್ರೀಸ್ ಕಡೆಯದು. ಟರ್ಕಿಯ ಇಜ್ಮಿರ್ ಹತ್ತಿರದ ಹಳ್ಳಿಗಳಲ್ಲಿ ಇವತ್ತಿಗೂ ಕಟ್ಟಿಗೆ ಉರಿಸುವ ಕುಲುಮೆಯಲ್ಲಿ ಗಾಜು ಕರಗಿಸಿ ಕೈಯಿಂದ ಮಾಡುತ್ತಾರೆ. ಕೋಬಾಲ್ಟ್ ಬೆರೆಸಿದರೆ ಆ ಕಡುನೀಲಿ ಬಣ್ಣ ಬರುತ್ತೆ. ಅದರ ಮೇಲೆ ಬಿಳಿ, ತಿಳಿನೀಲಿ, ನಡುವೆ ಕಪ್ಪು ಚುಕ್ಕಿ. ಅಲ್ಲಿಯ ಒಂದು ಹಳ್ಳಿಗೆ ನಜರ್‌ಕೊಯ್ ಅಂತಲೇ ಹೆಸರು. ಕೊಯ್ ಅಂದರೆ ಹಳ್ಳಿ. ನಜರ್ ಅಂದರೆ ನೋಟ, ಅರಬ್ಬಿ ಮಾತು. ನಮ್ಮ ಕೊಪ್ಪಳದ "ನೆದರು" ಕೂಡ ಅದೇ ನಜರ್. 1948ರವರೆಗೆ ನಿಜಾಮರ ಕೈಯಲ್ಲಿದ್ದ ಸೀಮೆ ನಮ್ಮದು, ಉರ್ದು ಮಾತು ಅಡುಗೆಮನೆಯವರೆಗೂ ಬಂದಿದೆ. ಅಂದರೆ ಮಾತು ಮೊದಲೇ ಬಂದಿತ್ತು, ಮಣಿ ಈಗ ಬಂತು. 2018ರಲ್ಲಿ ಮೊಬೈಲ್ ಎಮೋಜಿಗಳ ಸಾಲಿಗೂ ಸೇರಿತು. ಈಗ ಕೂಸಿನ ಫೋಟೋ ಹಾಕಿದರೆ ಪಕ್ಕದಲ್ಲಿ ಅದು ಇರಲೇಬೇಕು.

ಆ ಮಣಿ ಒಡೆದರೆ ಟರ್ಕಿಯವರು ಏನನ್ನುತ್ತಾರೆ? ನಮಗೆ ಬರಬೇಕಿದ್ದ ಏಟನ್ನು ಅದು ತಾನು ತಗೊಂಡಿತು, ಅದರ ಕೆಲಸ ಮುಗಿಯಿತು ಅನ್ನುತ್ತಾರೆ. ಚೂರು ಎತ್ತಿ ಹಾಕಿ ಹೊಸದು ಕಟ್ಟುತ್ತಾರೆ. ಯಾರದೋ ಹೊಟ್ಟೆಕಿಚ್ಚು ತಾಗಿತ್ತು ಅನ್ನುವ ನಂಬಿಕೆ ಅಲ್ಲೂ ಇದೆ. ಆದರೆ ಒಡೆದ ಮಣಿಯ ಅರ್ಥ ನೀವು ಉಳಿದಿರಿ ಅಂತ. ನಂಬುವುದೇ ಆದರೆ ಅದನ್ನು ಪೂರ್ತಿ ನಂಬಿ. ಮಣಿಯನ್ನು ತಂದು, ಅದರ ಸಮಾಧಾನವನ್ನು ಬಿಟ್ಟು, ಅನುಮಾನ ಒಂದನ್ನೇ ಇಟ್ಟುಕೊಂಡರೆ ಹೇಗೆ?

ನಮ್ಮಲ್ಲೂ ಒಡೆಯುವುದು ಕೆಟ್ಟದ್ದಲ್ಲ. ಆಯುಧಪೂಜೆ ದಿನ ಕುಂಬಳಕಾಯಿ ಒಡೆಯಲಿ ಅಂತಲೇ ತರುತ್ತೇವೆ. ದೇವರ ಮುಂದೆ ಕಾಯಿ ಒಡೆಯುತ್ತೇವೆ. ಜವಾಹರ ರಸ್ತೆಯ ಅಂಗಡಿಗಳಲ್ಲಿ ಅಮಾವಾಸ್ಯೆಗೆ ಹಳೇ ನಿಂಬೆಹಣ್ಣು, ಮೆಣಸಿನಕಾಯಿ ತೆಗೆದು ಹೊಸದು ಕಟ್ಟುತ್ತಾರೆ. ನಿಂಬೆಹಣ್ಣು ಒಣಗಿ ಕಪ್ಪಾಗಿದ್ದು ಯಾರ ಕಣ್ಣಿಗೆ ಅಂತ ಯಾರಾದರೂ ಗಿರಾಕಿಗಳ ಪಟ್ಟಿ ಮಾಡುತ್ತಾರಾ?

ಗಾಜಿಗೆ ಮಾತ್ರ ಯಾಕೆ ಹೆದರಿಕೆ ಅಂತ ಮೂರು ದಿನದಿಂದ ಯೋಚಿಸುತ್ತಿದ್ದೇನೆ. ಬಳೆಯಿಂದ ಅಂತ ನನಗನಿಸುತ್ತೆ. ಗಾಜು ಒಡೆದ ಸದ್ದು ಕೇಳಿದರೆ ನಮ್ಮ ಕಡೆ ಹೆಂಗಸರ ಎದೆ ಝಲ್ ಅನ್ನುತ್ತೆ. ಬಳೆ ಒಡೀತು ಅಂತ ಬಾಯಲ್ಲಿ ಅನ್ನುವ ಹಾಗಿಲ್ಲ. "ಬಳಿ ಹೆಚ್ಚಿತು" ಅನ್ನಬೇಕು. ಚಿಕ್ಕವಳಿದ್ದಾಗ ನಾನು "ಒಡೀತು" ಅಂದಾಗ ಚಿಗವ್ವ ನನ್ನ ಬಾಯಿ ಮೇಲೆ ಮೆಲ್ಲಗೆ ಬಡಿದಿದ್ದಳು. ಕಾಕಾ ಹೋದ ದಿನ ಅವಳ ಬಳೆ ಒಡೆದವರು ಇದೇ ಓಣಿಯವರು. ಅವತ್ತಿನ ಗಾಜಿನ ಚೂರಿನಲ್ಲಿ ಅವಳ ತಪ್ಪು ಏನಿತ್ತು? ಈ ಭಾನುವಾರದ ಗಾಜಿನಲ್ಲಿ ಏನಿದೆ?

ಮಣಿ ಯಾಕೆ ಬಿತ್ತು ಅಂತ ನಾನು ಹೇಳುತ್ತೇನೆ. ದಾರದ ತುಂಡು ಇನ್ನೂ ಕೊಂಡಿಯಲ್ಲೇ ನೇತಾಡುತ್ತಿತ್ತು. ತುದಿ ಎಳೆ ಎಳೆಯಾಗಿ ಬಿಚ್ಚಿತ್ತು. ಬೆಳಿಗ್ಗೆಯಿಂದ ಎಲ್ಲರೂ ತೊಟ್ಟಿಲು ತೂಗಿದ್ದೆವು, ನಾನೂ ತೂಗಿದ್ದೆ. ಕಬ್ಬಿಣದ ಕೊಂಡಿಗೆ ತಿಕ್ಕಿ ತಿಕ್ಕಿ ದಾರ ಸವೆದು ಹರಿಯಿತು. ಒಮ್ಮೊಮ್ಮೆ ದಾರ ಗಟ್ಟಿ ಇದ್ದರೂ ಗಾಜು ತಾನಾಗಿ ಬಿರಿಯುತ್ತೆ. ಕುಲುಮೆಯಿಂದ ತೆಗೆದ ಗಾಜನ್ನು ನಿಧಾನವಾಗಿ ಆರಿಸಬೇಕು. ಬೇಗ ಆರಿದರೆ ಒಳಗೆ ಬಿಗಿತ ಉಳಿಯುತ್ತೆ. ಆಮೇಲೆ ಸಣ್ಣ ಪೆಟ್ಟಿಗೂ, ನಮ್ಮ ಊರಿನ ಬಿಸಿಲಿಗೂ ಸೀಳಬಹುದು.

ಈಗ ಕೆಲವರು ಕೇಳುತ್ತೀರಿ. ಅದು ಅವರ ನಂಬಿಕೆ, ಯಾರಿಗೇನು ತೊಂದರೆ? ಯಾರೂ ಹೆಸರು ಹಿಡಿದು ಬೈಯಲಿಲ್ಲವಲ್ಲ? ಬಾಣಂತಿ ಮನಸ್ಸು, ಹೆದರಿಕೆ ಇರುತ್ತೆ, ಅಷ್ಟು ದೊಡ್ಡದು ಮಾಡಬೇಡ ಅಂತ ನನ್ನ ಅಕ್ಕನೇ ಫೋನ್ ಮಾಡಿ ಹೇಳಿದಳು. ಹೆಸರು ಹಿಡಿದಿದ್ದರೆ ಜಗಳ ಆಡಬಹುದಿತ್ತು. ನೋಡಿದ್ದಕ್ಕೆ ಏನು ಅಂತ ಜಗಳ ಆಡೋದು? ತೊಂದರೆ ಯಾರಿಗೆ ಅಂದರೆ, ಮೂರು ದಿನದಿಂದ ಬಾಗಿಲು ಮುಂದಕ್ಕೆ ಮಾಡಿಕೊಂಡು ಕೂತವಳಿಗೆ. ಕೆಟ್ಟ ಕಣ್ಣಿಗೆ ಶಕ್ತಿ ಇದೆಯೋ ಇಲ್ಲವೋ, ಭಾನುವಾರ ಅಷ್ಟು ಜೋಡಿ ಕಣ್ಣು ಒಬ್ಬಳ ಮೇಲೆ ಬಿದ್ದಾಗ ಅವಳ ಮುಖ ಇಳಿದು ಹೋದದ್ದನ್ನು ನಾನು ನೋಡಿದ್ದೇನೆ. ಅದಕ್ಕೆ ಯಾವ ಉಪ್ಪು ಇಳಿಸೋದು?

ಇನ್ನು, ಇದೆಲ್ಲ ಕಿತ್ತು ಬಿಸಾಕಿ ಅನ್ನುವವರಿಗೆ ಇಷ್ಟೇ. ನಾನು ಕಟ್ಟಬೇಡಿ ಅನ್ನುತ್ತಿಲ್ಲ. ಹಡೆದವಳಿಗೆ ಅದೊಂದು ಧೈರ್ಯ, ಇರಲಿ.

ಇಷ್ಟು ಬರೆದ ಮೇಲೆ ಒಂದು ಸತ್ಯ ಮುಚ್ಚಿಟ್ಟರೆ ತಪ್ಪಾಗುತ್ತೆ. ನಾನೂ ಇದನ್ನು ಮಾಡಿದ್ದೇನೆ. ಮಗಳು ಮೂರೂವರೆ ತಿಂಗಳ ಕೂಸಿದ್ದಾಗ ಅವಳ ಕೈಯ ದೃಷ್ಟಿಮಣಿ ದಾರ ಹರಿದು ಮಣಿಗಳೆಲ್ಲ ಹಾಸಿಗೆ ತುಂಬ ಚೆಲ್ಲಿದವು. ರಾತ್ರಿ ಜ್ವರ ಬಂತು. ನನಗೆ ನೆನಪಾದದ್ದು ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಟೀಚರ್. ಹಿಂದಿನ ದಿನ ಮನೆಗೆ ಬಂದು "ಎಷ್ಟ ಗುಂಡಗ ಅದಾಳ್ರಿ ಕೂಸು" ಅಂತ ಎತ್ತಿಕೊಂಡಿದ್ದರು. ಮಣಿ ಹರಿದ ದಿನವೇ ಬೆಳಿಗ್ಗೆ ಹದಿನಾಲ್ಕನೇ ವಾರದ ಇಂಜೆಕ್ಷನ್ ಹಾಕಿಸಿದ್ದೆ. ಜ್ವರ ಬರುತ್ತೆ, ಹೆದರಬೇಡಿ ಅಂತ ನರ್ಸ್ ಹೇಳಿ, ಎಷ್ಟು ಔಷಧ ಕೊಡಬೇಕು ಅಂತ ಚೀಟಿಯಲ್ಲಿ ಬರೆದೂ ಕೊಟ್ಟಿದ್ದರು. ಚೀಟಿ ದಿಂಬಿನ ಪಕ್ಕದಲ್ಲೇ ಇತ್ತು. ಆದರೂ ನಾನು ಆ ಟೀಚರನ್ನೇ ನೆನೆದೆ. ರಜೆ ಮುಗಿಸಿ ಶಾಲೆಗೆ ಹೋದ ಮೇಲೂ ಅವರಿಗೆ ಮಗಳ ಫೋಟೋ ಕೂಡ ತೋರಿಸಲಿಲ್ಲ. ಅವರಿಗೆ ಗೊತ್ತಾಯಿತು. ಕೇಳುವುದನ್ನು ಬಿಟ್ಟರು. ವರ್ಗ ಆಗಿ ಹೋದ ಮೇಲೆ ಬೇರೆಯವರಿಂದ ತಿಳಿಯಿತು, ಆ ವರ್ಷ ಅವರಿಗೆ ಎರಡು ಸಲ ಬಸಿರು ನಿಂತಿರಲಿಲ್ಲ. ನನ್ನ ಮಗಳನ್ನು ಎತ್ತಿಕೊಂಡಾಗ ಅವರ ಮನಸ್ಸಿನಲ್ಲಿ ಏನಿತ್ತು ಅಂತ ಈಗ ಯೋಚಿಸಿದರೆ ನನಗೆ ನಿದ್ದೆ ಬರುವುದಿಲ್ಲ. ಅವರು ಇದನ್ನು ಓದುತ್ತಿದ್ದರೆ, ಅಕ್ಕೋರೆ, ನನ್ನದು ತಪ್ಪಾಯಿತು.

ಅದಕ್ಕೇ ಈ ಸಿಟ್ಟು. ಓಣಿಯವರ ಮೇಲೆ ಎಷ್ಟೋ, ನನ್ನ ಮೇಲೂ ಅಷ್ಟೇ. ಭಾನುವಾರ ಆ ಕೋಣೆಯಲ್ಲಿ ನಾನೂ ಕೂತಿದ್ದೆ. ದಾರ ಸವೆದದ್ದು ನನಗೆ ಕಂಡಿತ್ತು. ಬಾಯಿ ಬಿಡಲಿಲ್ಲ. ಚಿಗವ್ವನ ಹಿಂದೆ ಎದ್ದು ಬಂದೆ, ಅಷ್ಟೇ.

ನಿನ್ನೆ ಸಂಜೆ ಅವಳ ಮನೆಯಲ್ಲಿದ್ದೆ. ಆ ಕೂಸು ಅಳುವುದು ಕೇಳುತ್ತಿತ್ತು, ಎರಡೇ ಮನೆ ಆಚೆ. ನಿಲ್ಲಲೇ ಇಲ್ಲ. ಚಿಗವ್ವ ಎದ್ದಳು. ಡಬ್ಬಿಯಿಂದ ಉಪ್ಪು ತಗೊಂಡಳು, ಎರಡು ಮೆಣಸಿನಕಾಯಿ ತಗೊಂಡಳು, ಹೊಸ್ತಿಲವರೆಗೆ ಹೋದಳು. ಅಲ್ಲೇ ನಿಂತಳು. ಕೂಸು ಸುಮ್ಮನಾದ ಮೇಲೆ ವಾಪಸ್ ಬಂದು ಉಪ್ಪನ್ನು ಡಬ್ಬಿಗೆ ಹಾಕಿದಳು. "ಹೊಟ್ಟಿ ನೋವಿರಬೇಕ ಬಿಡು" ಅಂದಳು.

ರಾತ್ರಿ ನಾನು ಪೇಟೆಗೆ ಹೋಗಿ ಕರಿಮಣಿ, ಬಿಳಿಮಣಿ ತಂದೆ. ಚಿಗವ್ವ ಚಾಳೀಸು ಹಾಕಿಕೊಂಡು ಪೋಣಿಸಿದಳು. ದಾರ ಎರಡೆಳೆ ಮಾಡಿದಳು, ಮೇಣ ಸವರಿದಳು, ಒಂದೊಂದು ಮಣಿಗೂ ಗಂಟು ಹಾಕಿದಳು. ಎಳೆದು ನೋಡಿದಳು. ಮತ್ತೆ ಎಳೆದು ನೋಡಿದಳು.

ಓಣಿಯವರು ಇದನ್ನು ಓದುತ್ತೀರಿ ಅಂತ ಗೊತ್ತು. ನಾಳೆ ದೀಪ ಹಚ್ಚುವ ಹೊತ್ತಿಗೆ ಅವಳನ್ನು ಕರಕೊಂಡು ಬರುತ್ತೇನೆ. ಕೂಸನ್ನು ಅವಳ ತೊಡೆ ಮೇಲೆ ಹಾಕಿ. ಮಣಿ ಅವಳೇ ಕಟ್ಟಲಿ.