ಕಾಣಿಕೆ ಕೊಟ್ಟವರು ಲೆಕ್ಕ ಕೇಳಬಾರದೇ?

ಒಂದು ಕ್ರೈಸ್ತ ಸೇವಾಸಂಸ್ಥೆಯ ವಾರ್ಷಿಕ ವರದಿಯನ್ನು ಈಗಷ್ಟೇ ಓದಿ ಮುಗಿಸಿದೆ. ಸಿಟ್ಟು ಇನ್ನೂ ಇಳಿದಿಲ್ಲ. ಪುಟಪುಟಕ್ಕೂ ನಗುವ ಮಕ್ಕಳ ಫೋಟೋ. ಹಣದ ಮಾತಿರುವುದು ಕೊನೇ ಪುಟದಲ್ಲಿ, ಅದೂ ಒಂದು ಬಣ್ಣದ ಚಕ್ರ: 'ಸೇವೆಗೆ' ದೊಡ್ಡ ಭಾಗ, 'ಆಡಳಿತಕ್ಕೆ' ಸಣ್ಣ ಚೂರು. ಒಟ್ಟು ಎಷ್ಟು ಬಂತು, ಎಷ್ಟು ಉಳಿಯಿತು, ಆಡಿಟ್ ಮಾಡಿದವರು ಯಾರು, ಒಂದೂ ಇಲ್ಲ. ಟ್ರಸ್ಟಿಗಳ ಪಟ್ಟಿ ನೋಡಿದೆ. ಸ್ಥಾಪಕರೇ ಅಧ್ಯಕ್ಷರು, ಹೆಂಡತಿ ಖಜಾಂಚಿ, ಮಗ ಕಾರ್ಯದರ್ಶಿ, ಅಳಿಯ ಸದಸ್ಯ. ಹಾಗಾದರೆ ಅಧ್ಯಕ್ಷರ ಸಂಬಳ ನಿಗದಿ ಮಾಡುವವರು ಯಾರು? ಅವರ ಖರ್ಚಿಗೆ 'ಬೇಡ' ಅನ್ನುವವರು ಯಾರು?

ಇವರು ಕದ್ದಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಕದ್ದಿಲ್ಲ ಅಂತ ತೋರಿಸಲು ಅವರಿಗೂ ದಾರಿಯಿಲ್ಲವಲ್ಲ, ನನ್ನ ಸಂಕಟ ಅದು.

"ದೇವರ ಕೆಲಸ, ನಂಬಬೇಕು" ಅನ್ನುವವರಿದ್ದಾರೆ. ನಾನೂ ನಂಬುವವಳೇ. ಆದರೆ ಬೈಬಲಿನಲ್ಲಿ ಅಪೊಸ್ತಲ ಪೌಲ ಏನು ಮಾಡಿದ? ಯೆರೂಸಲೇಮಿನ ಬಡವರಿಗೆಂದು ಕೂಡಿಸಿದ ಹಣವನ್ನು ತಾನೊಬ್ಬನೇ ಇಟ್ಟುಕೊಳ್ಳಲಿಲ್ಲ. ತನ್ನ ಜೊತೆಗಾರ ತೀತನ ಜೊತೆಗೆ, ಕ್ರೈಸ್ತ ಸಭೆಗಳೇ ಆರಿಸಿದ ಸಹೋದರನನ್ನೂ ಕಳಿಸಿದ. ಯಾರೂ ನಮ್ಮತ್ತ ಬೆರಳು ತೋರಿಸಬಾರದು, ದೇವರ ಮುಂದಷ್ಟೇ ಅಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂಬರ್ಥದ ಮಾತು ಅವನು ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯದಲ್ಲೇ ಇದೆ. ಯೇಸುವಿನ ಶಿಷ್ಯರ ಹಣದ ಚೀಲದಿಂದ ಅವರಲ್ಲೇ ಒಬ್ಬನಾದ ಯೂದ ಕದಿಯುತ್ತಿದ್ದ ಅಂತ ಯೋಹಾನನೂ ತನ್ನ ಸುವಾರ್ತೆಯಲ್ಲಿ ಮುಚ್ಚಿಡದೆ ಬರೆದಿದ್ದಾನೆ. ಯೇಸುವಿನ ಜೊತೆ ಓಡಾಡಿದವರಲ್ಲೇ ಹೀಗಾದರೆ, ನಮ್ಮ ಟ್ರಸ್ಟಿಗಳಿಗೆ ವಿನಾಯಿತಿ ಎಲ್ಲಿಂದ?

19ನೇ ಶತಮಾನದಲ್ಲಿ ಬ್ರಿಸ್ಟಲ್‌ನಲ್ಲಿ ಸಾವಿರಾರು ಅನಾಥ ಮಕ್ಕಳನ್ನು ಸಾಕಿದ ಜಾರ್ಜ್ ಮುಲ್ಲರ್ ಯಾರ ಹತ್ತಿರವೂ ಹಣ ಕೇಳದೆ ಪ್ರಾರ್ಥನೆಯನ್ನೇ ನೆಚ್ಚಿದ್ದವರು. ಅವರಿಗಿಂತ ದೊಡ್ಡ ನಂಬಿಕೆ ಯಾರದು? ಆದರೂ ಬಂದದ್ದು, ಖರ್ಚಾದದ್ದು ಎರಡನ್ನೂ ವರದಿಯಲ್ಲಿ ಅಚ್ಚು ಹಾಕಿಸುತ್ತಿದ್ದರು. ಅಮೆರಿಕದಲ್ಲಿ ಕ್ರೈಸ್ತ ಸಂಸ್ಥೆಗಳೇ ಸೇರಿ 1979ರಲ್ಲಿ ಹಣದ ವಿಷಯದಲ್ಲಿ ಲೆಕ್ಕ ಕೊಡುವುದಕ್ಕೆಂದೇ ಇಸಿಎಫ್‌ಎ ಅನ್ನುವ ಕೂಟ ಕಟ್ಟಿಕೊಂಡವು. ಮಂಡಳಿಯಲ್ಲಿ ಕನಿಷ್ಠ 5 ಜನ ಇರಬೇಕು, ಅವರಲ್ಲಿ ಹೆಚ್ಚಿನವರು ಸ್ವತಂತ್ರರಾಗಿರಬೇಕು ಅನ್ನುವುದು ಅದರ ನಿಯಮ. ಗಂಡ, ಹೆಂಡತಿ, ಮಗ, ಅಳಿಯ ಸೇರಿದರೆ ಅದು ಆಡಳಿತ ಮಂಡಳಿಯಲ್ಲ, ಮನೆ.

ಆಡಳಿತ ಖರ್ಚು ಕಡಿಮೆ ಅಂತ ಬೀಗುವುದೂ ನನಗೆ ಹಿಡಿಸುವುದಿಲ್ಲ. ಒಳ್ಳೆಯ ಲೆಕ್ಕಿಗನಿಗೆ, ಆಡಿಟ್‌ಗೆ ದುಡ್ಡು ಬೇಕು, ಕೊಡಲಿ. ಬಾವಿಗೆಂದು ಕೊಟ್ಟ ಹಣ ಬಾವಿಗೇ ಹೋಯಿತು ಅಂತ ತೋರಿಸಲಿ, ಸಾಕು.

ಆಡಿಟ್ ಆದ ಲೆಕ್ಕಪತ್ರ ಕಳಿಸಿ ಅಂತ ಆ ಸಂಸ್ಥೆಗೆ ಬರೆದಿದ್ದೇನೆ. ಅದು ಬರುವ ತನಕ ನನ್ನ ಕಾಣಿಕೆ ಅಲ್ಲಿಗೆ ಹೋಗುವುದಿಲ್ಲ. ನೀವು ಯಾರಾದರೂ ಇಂಥ ಮಂಡಳಿಗಳಲ್ಲಿದ್ದರೆ, ಚೆಕ್‌ಗೆ ಎರಡನೇ ಸಹಿ ಯಾರದು ಅಂತ ಮುಂದಿನ ಮೀಟಿಂಗಿನಲ್ಲಿ ದಯವಿಟ್ಟು ಕೇಳಿ.